ಶೆಡ್ಡಿನವರ ಫೈಲುಗಳು

ತಮ್ಮ ತೀರಿಕೊಂಡನೆಂದು ಡಾಕ್ಟರು ಬಂದು ಹೇಳಿದಾಗ ದೊಡ್ಡಕ್ಕ ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಕೂತು ಅವನ ಕನ್ನಡಕ ಒರೆಸುತ್ತಿದ್ದಳು. ಎಚ್ಚರವಾದ ಕೂಡಲೇ ಅವನು ಮೊದಲು ಕೇಳುವುದು ಅದನ್ನೇ. ಡಾಕ್ಟರು "ಅಮ್ಮಾ" ಎಂದು ಶುರುಮಾಡಿ ಸುಮ್ಮನಾದರು. ಆ ಸುಮ್ಮನಾದದ್ದರಲ್ಲೇ ಅವಳಿಗೆ ಎಲ್ಲವೂ ತಿಳಿದುಹೋಯಿತು. ಆಮೇಲೆ ಅವರು ಹೇಳಿದ ಮಾತುಗಳು ಕಿವಿಗೆ ಬಿದ್ದವೇ ಹೊರತು ಒಳಗೆ ಇಳಿಯಲಿಲ್ಲ.

ಅಷ್ಟರಲ್ಲಿ ಅವಳ ಚೀಲದೊಳಗೆ ಇದ್ದ ತಮ್ಮನ ಫೋನು ಗುರ್ರೆಂದಿತು. ಯಾರೋ ಬಂಧುಗಳಿಗೆ ಆಗಲೇ ಸುದ್ದಿ ಮುಟ್ಟಿತೇನೋ ಎಂದುಕೊಂಡು ತೆಗೆದು ನೋಡಿದಳು. ಅದು ಸುದ್ದಿ ಕೇಳಿ ಬಂದದ್ದಲ್ಲ. ಒಂದು ಇಮೇಲು. "ತಾವು ಕಳಿಸಿದ ಫೈಲು ತೆರೆಯುತ್ತಿಲ್ಲ. ಸರಿಪಡಿಸಿ ಮತ್ತೆ ಕಳಿಸಿ."

ಅವನು ಕಣ್ಣು ಮುಚ್ಚಿದ ಮೇಲೆ ಅವನ ಹೆಸರಿಗೆ ಬಂದ ಮೊದಲ ಮಾತು ಅದು.

ಈ ಅಕ್ಕ ತಮ್ಮಂದಿರು ಇಬ್ಬರೂ ಒಂದೇ ಅಚ್ಚುಕೂಟದಲ್ಲಿ ಕೂದಲು ಹಣ್ಣು ಮಾಡಿಕೊಂಡವರು. ಅವಳು ಪುಸ್ತಕ ಹೊಲಿದು ರಟ್ಟು ಕಟ್ಟುತ್ತಿದ್ದಳು. ಅವನು ಕರಡು ತಿದ್ದುತ್ತಿದ್ದ. ಒಂದೊಂದು ಸಾಲಿಗೂ ನಿಂತು ಉಸಿರೆಳೆದುಕೊಂಡು ಓದುತ್ತಿದ್ದನೆಂದು ಜೊತೆಯವರು ಅವನಿಗೆ 'ಅಲ್ಪವಿರಾಮ' ಎಂದು ಅಡ್ಡಹೆಸರಿಟ್ಟಿದ್ದರು. ಅವನ ಮದುವೆಯಲ್ಲೂ ಅದೇ ಹೆಸರಿನಲ್ಲಿ ಉಡುಗೊರೆ ಬಂದಿತ್ತು. ಅಚ್ಚುಕೂಟಕ್ಕೆ ಎರಡು ಭಾಗ. ಬೀದಿಗೆ ಮುಖ ಮಾಡಿದ್ದು ಆಫೀಸು. ಅಲ್ಲಿ ಗಾಜಿನ ಬಾಗಿಲು, ಹೂದಾನಿ, ಮಾರಾಟದವರು, ಲೆಕ್ಕದವರು. ಅಂಗಳ ದಾಟಿದರೆ ತಗಡಿನ ಮಾಡಿನ ಉದ್ದನೆಯ ಶೆಡ್ಡು. ಅಲ್ಲಿ ಯಂತ್ರ, ಮಸಿ, ಅಂಟು, ಕಾಗದದ ಧೂಳು. ಎಷ್ಟೋ ವರ್ಷ ಒಂದೇ ಗೇಟಿನಿಂದ ಒಳಗೆ ಬಂದು ಹೋದರೂ ಆಫೀಸಿನವರು ಆಫೀಸಿನವರೇ, ಶೆಡ್ಡಿನವರು ಶೆಡ್ಡಿನವರೇ.

ಅಚ್ಚುಕೂಟ ಮುಚ್ಚಿದ ಮೇಲೆ ನಿವೃತ್ತರ ಸಂಘದವರು ಒಂದು ನೆನಪಿನ ಪುಸ್ತಕ ತರುತ್ತೇವೆಂದು ಹೊರಟರು. ಎಲ್ಲರೂ ತಮ್ಮ ತಮ್ಮ ಅನುಭವ ಬರೆದು ಇಮೇಲಿನಲ್ಲಿ ಕಳಿಸಬೇಕು. ದೊಡ್ಡಕ್ಕನ ತಮ್ಮ ಹುರುಪಿನಿಂದ ಬರೆಯಲು ಕೂತ. ಆಯುಸ್ಸೆಲ್ಲ ಬೇರೆಯವರ ಬರವಣಿಗೆ ತಿದ್ದಿದವನು ತನ್ನದೆಂದು ಬರೆದದ್ದು ಇದೊಂದೇ. ಶೆಡ್ಡಿನ ಬಗ್ಗೆ ಬರೆದ. ಬರೆದದ್ದನ್ನು ಅಕ್ಕನಿಗೆ ತೋರಿಸಲಿಲ್ಲ. "ಅಚ್ಚಾಗಿ ಬರಲಿ, ಆಮೇಲೆ ಓದು. ನೀನು ಹೊಲಿದ ಪುಸ್ತಕ ಎಷ್ಟೋ ಇವೆ. ಇದನ್ನು ಓದೋಕೆ ಅಂತ ಕೈಗೆ ತಗೋ" ಎಂದ.

ಕಳಿಸಿದ. ತೆರೆಯುತ್ತಿಲ್ಲ ಎಂದು ಉತ್ತರ ಬಂತು. ಮತ್ತೆ ಕಳಿಸಿದ. ಮತ್ತೆ ಅದೇ ಉತ್ತರ. ಆಮೇಲೆ ಎದೆನೋವೆಂದು ಆಸ್ಪತ್ರೆಗೆ ಸೇರಿದ. ಕೈಗೆ ಸೂಜಿ ಚುಚ್ಚಿ ಕೊಳವೆ ಇಳಿಬಿಟ್ಟಿದ್ದರು. ಇನ್ನೊಂದು ಕೈಯಲ್ಲಿ ಫೋನು ಹಿಡಿದು ಹೆಬ್ಬೆರಳಿನಿಂದ ಕುಟ್ಟುತ್ತಾ ಮಲಗಿದಲ್ಲಿಂದಲೇ ಮತ್ತೆ ಮತ್ತೆ ಕಳಿಸಿದ.

"ಬಿಡೋ ಮಾರಾಯ, ಮೊದಲು ಮೈ ಸರಿಮಾಡ್ಕೋ" ಎಂದಳು ದೊಡ್ಡಕ್ಕ.

"ನಾನೇ ಏನೋ ತಪ್ಪು ಮಾಡ್ತಿದೀನಿ ಅಕ್ಕ. ಎಲ್ಲಿ ಅಂತ ಕಾಣ್ತಾ ಇಲ್ಲ" ಎಂದ ಅವನು.

ಅವಳ ಜೊತೆ ಅವನು ಆಡಿದ ಕೊನೆಯ ನೆಟ್ಟಗಿನ ಮಾತು ಅದು. ಮಾರನೆಯ ದಿನ ನಾಲಗೆ ತೊದಲಿತು. ಅದರ ಮಾರನೆಯ ದಿನ ಡಾಕ್ಟರು ಪಡಸಾಲೆಗೆ ಬಂದರು.

ಮಣ್ಣು ಮಾಡುವ ಕೆಲಸ ಮುಗಿಯಿತು. ಬಂದವರು ಬಂದರು, ಅತ್ತವರು ಅತ್ತರು, ಹೋದರು. ಮನೆಯಲ್ಲಿ ಉಳಿದವರು ದೊಡ್ಡಕ್ಕ ಮತ್ತು ತಮ್ಮನ ಮಗಳು. ಹುಡುಗಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸದವಳು. ವಯಸ್ಸು ಮೂವತ್ತು ದಾಟಿದರೂ ಮನೆಯಲ್ಲಿ ಇನ್ನೂ ಪುಟ್ಟಿಯೇ. ತಾಯಿಯಿಲ್ಲದ ಅವಳನ್ನು ಸಾಕಿದವಳು ಈ ಅತ್ತೆಯೇ.

ಒಂದು ಬೆಳಿಗ್ಗೆ ಪುಟ್ಟಿ ಅಪ್ಪನ ಫೋನು ಹಿಡಿದು ಕೂತಿದ್ದಳು. ಇದ್ದಕ್ಕಿದ್ದ ಹಾಗೆ ಅವಳ ಮುಖ ಕೆಂಪಗಾಯಿತು.

"ಅತ್ತೆ, ಇಲ್ಲಿ ನೋಡಿ. ಅಪ್ಪ ಪ್ರತಿಸಲಾನೂ ಏನೇನೋ ಬರೆದಿದ್ದಾರೆ. 'ಕ್ಷಮಿಸಿ, ಮತ್ತೆ ಪ್ರಯತ್ನಿಸಿದ್ದೇನೆ.' 'ಎಲ್ಲಿ ತೊಂದರೆ ಎಂದು ತಿಳಿಸಿದರೆ ಉಪಕಾರ.' 'ಆಸ್ಪತ್ರೆಯಲ್ಲಿದ್ದೇನೆ, ತಡವಾದದ್ದಕ್ಕೆ ಮನ್ನಿಸಿ.' ಅವರ ಉತ್ತರ ನೋಡಿ. ಎಲ್ಲಾ ಒಂದೇ. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ."

"ಆಸ್ಪತ್ರೆ ಅಂತ ಬರೆದದ್ದಕ್ಕೂ?"

"ಅದಕ್ಕೂ. ಸರಿಪಡಿಸಿ ಮತ್ತೆ ಕಳಿಸಿ."

ದೊಡ್ಡಕ್ಕನ ಮೈಯೆಲ್ಲ ಉರಿದುಹೋಯಿತು. ಅದುವರೆಗೆ ಅತ್ತು ಅತ್ತು ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿದ್ದ ಜೀವ ಎದ್ದು ಕೂತಿತು. ಹೇಗಿದ್ದೀರಿ ಎಂದು ಒಂದು ಮಾತು ಬೇಡವೇ? ಫೋನೆತ್ತಿ ಕೇಳಲು ಕೈಗೆ ಏನಾಗಿತ್ತು? ಸಾಯುವ ಮನುಷ್ಯ ಮನ್ನಿಸಿ ಎಂದು ಬರೆಯುತ್ತಾನೆ, ಇವರು ಗಿಳಿಯ ಹಾಗೆ ಅದನ್ನೇ ಒದರುತ್ತಾರೆ!

"ಅವರಿಗೆ ಫೋನು ಹಚ್ಚು" ಎಂದಳು.

ಪುಸ್ತಕದ ಜವಾಬ್ದಾರಿ ಸಂಘದ ಕಾರ್ಯದರ್ಶಿಯದು. ಮೊದಲು ಆಫೀಸಿನಲ್ಲಿ ಮಾರಾಟದ ವಿಭಾಗದಲ್ಲಿದ್ದವರು. ದನಿಯಲ್ಲಿ ಈಗಲೂ ಗಿರಾಕಿಯನ್ನು ಕೂರಿಸಿಕೊಂಡ ನಯ.

"ಅಯ್ಯೋ ದೊಡ್ಡಕ್ಕ, ವಿಷಯ ತಿಳೀತು. ಬಹಳ ಬೇಜಾರಾಯ್ತು. ಒಳ್ಳೇ ಮನುಷ್ಯ."

"ಒಳ್ಳೇ ಮನುಷ್ಯನ ಲೇಖನ ಎಲ್ಲಿ?"

"ಅದು ತೆರೀತಾ ಇಲ್ಲಮ್ಮ. ಫೈಲು ಕೆಟ್ಟುಹೋಗಿದೆ. ನಮ್ಮ ಕಡೆಯಿಂದ ಎಲ್ಲಾ ಪ್ರಯತ್ನ ಮಾಡಿದ್ವಿ."

"ಏನೇನು ಪ್ರಯತ್ನ?"

"ಅಂದ್ರೆ... ತೆರೆದು ನೋಡಿದ್ವಿ. ತೆರೀಲಿಲ್ಲ. ಶುಕ್ರವಾರ ಪುಸ್ತಕ ಅಚ್ಚಿಗೆ ಹೋಗುತ್ತೆ. ಆ ಜಾಗಕ್ಕೆ ಅಧ್ಯಕ್ಷರ ಕುಟುಂಬದ ಫೋಟೋ ಹಾಕಿದ್ದೀವಿ. ನಿಮ್ಮ ತಮ್ಮನಿಗೆ ಒಂದು ಶ್ರದ್ಧಾಂಜಲಿ, ಕೊನೇ ಪುಟದಲ್ಲಿ, ಎರಡು ಸಾಲು—"

"ನಿಮ್ಮ ಎರಡು ಸಾಲು ನೀವೇ ಇಟ್ಕೊಳ್ಳಿ" ಎಂದು ದೊಡ್ಡಕ್ಕ ಫೋನು ಇಟ್ಟಳು. ಆಮೇಲೆ ಪುಟ್ಟಿಯ ಕಡೆ ತಿರುಗಿ, "ಶುಕ್ರವಾರದೊಳಗೆ ಅದನ್ನ ತೆಗೀಬೇಕು. ಅವನು ಏನು ತಪ್ಪು ಮಾಡಿದ ಅಂತ ನನಗೆ ಗೊತ್ತಾಗಬೇಕು. ತಪ್ಪೇ ಮಾಡಿಲ್ಲ ಅಂದ್ರೆ ಅದೂ ಗೊತ್ತಾಗಬೇಕು" ಎಂದಳು.

ತಮ್ಮನ ಕಂಪ್ಯೂಟರು ಮೇಜಿನ ಮೇಲೇ ಇತ್ತು. ಅಚ್ಚುಕೂಟ ಮುಚ್ಚುವಾಗ ಅಲ್ಲಿಂದಲೇ ತಂದದ್ದು. ಆದರೆ ಅದನ್ನು ತೆರೆಯುವ ಗುಟ್ಟಿನ ಪದ ಅವನ ಜೊತೆಗೇ ಹೋಗಿತ್ತು. ಪುಟ್ಟಿ ತನ್ನ ಹೆಸರು, ಅಮ್ಮನ ಹೆಸರು, ಹುಟ್ಟಿದ ವರ್ಷ ಎಲ್ಲ ಹಾಕಿ ನೋಡಿ ಸೋತಳು. ಉಳಿದದ್ದು ಫೋನಿನಿಂದ ಕಳಿಸಿದ ಆ ಒಂದು ಫೈಲು.

ಅದನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಪುಟ್ಟಿ ಒತ್ತಿದಳು. 'ಈ ಫೈಲನ್ನು ಯಾವುದರಲ್ಲಿ ತೆರೆಯಬೇಕೆಂದು ತಿಳಿಯುತ್ತಿಲ್ಲ' ಎಂದು ಬಂತು. ಅರ್ಧ ಇಳಿದಿರಬಹುದೆಂದು ಅಳಿಸಿ ಮತ್ತೆ ಇಳಿಸಿಕೊಂಡಳು. ಅದೇ ಹಾಡು. ಬರವಣಿಗೆಯ ತಂತ್ರಾಂಶವನ್ನೇ ಮೊದಲು ತೆರೆದು ಅದರ ಒಳಗಿನಿಂದ ಹುಡುಕಿದಳು. ಅಲ್ಲಿನ ಪಟ್ಟಿಯಲ್ಲಿ ಫೈಲು ಕಾಣಲೇ ಇಲ್ಲ.

"ಇಲ್ಲೇ ಇಳಿಸಿದ್ದೆ ಅಂದೆಯಲ್ಲೇ?"

"ಇಲ್ಲೇ ಇದೆ ಅತ್ತೆ. ಇದರ ಕಣ್ಣಿಗೆ ಬೀಳ್ತಾ ಇಲ್ಲ."

"ಇದರ ಕಣ್ಣಿಗೂ ಆಫೀಸಿನವರ ಕಣ್ಣಿನ ಕಾಯಿಲೆ ಬಡಿದಿದೆ" ಎಂದಳು ದೊಡ್ಡಕ್ಕ.

ಬೀದಿಯ ತುದಿಯ ರಿಪೇರಿ ಅಂಗಡಿಯವನಿಗೂ ತೋರಿಸಿದ್ದಾಯಿತು. ಅವನು ಪರದೆಯನ್ನು ಅರೆಗಣ್ಣಿನಲ್ಲಿ ನೋಡಿ, "ವೈರಸ್ಸು" ಎಂದ. "ನನ್ನ ತಮ್ಮ ಬರೆದದ್ದರಲ್ಲಿ ವೈರಸ್ಸು ಎಲ್ಲಿಂದ ಬರುತ್ತಪ್ಪ? ಒಂದು ಕಾಗುಣಿತದ ತಪ್ಪೂ ಬರ್ತಿರಲಿಲ್ಲ" ಎಂದಳು ದೊಡ್ಡಕ್ಕ. ಅವನು ನಕ್ಕ. ಅವಳು ನಗಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಬೈದುಕೊಂಡೇ ಬಂದಳು. ಅಂಗಡಿಯವನನ್ನು, ಕಾರ್ಯದರ್ಶಿಯನ್ನು, ಅಧ್ಯಕ್ಷರ ಕುಟುಂಬದಲ್ಲಿ ಫೋಟೋಕ್ಕೆ ನಿಂತವರನ್ನೆಲ್ಲ. ಅವರಲ್ಲಿ ಮಕ್ಕಳೂ ಇದ್ದಾರೆಂದು ನೆನಪಾಗಿ ಮಕ್ಕಳನ್ನು ಮಾತ್ರ ಬಿಟ್ಟಳು.

ಗುರುವಾರ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ ಬಂದು ದೊಡ್ಡಕ್ಕ ಪುಟ್ಟಿಯ ಪಕ್ಕ ಕೂತಳು. "ಆ ಫೈಲಿನ ಹೆಸರೇನೇ? ಓದು."

"ಶೆಡ್ಡಿನ ನೆನಪು, ಚುಕ್ಕಿ, ಅಚ್ಚಿಗೆ."

"ಅಚ್ಚಿಗೆ ಅನ್ನೋದು ಹೆಸರಲ್ಲ."

"ಮತ್ತೇನು?"

"ಅದು ಗುರುತು. ನಮ್ಮ ಶೆಡ್ಡಿನಲ್ಲಿ ಕರಡು ಮೊದಲ ಸಲ ತಿದ್ದಿದಾಗ ಕೊನೇಲಿ 'ಒಂದು' ಅಂತ ಹಾಕೋರು. ಎರಡನೇ ಸಲಕ್ಕೆ 'ಎರಡು'. ಇನ್ನು ತಪ್ಪಿಲ್ಲ, ಯಂತ್ರಕ್ಕೆ ಹೋಗಲಿ ಅಂದಾಗ 'ಅಚ್ಚಿಗೆ'. ಕಾಗದದ ಕಾಲದಲ್ಲಿ ಮೂಲೇಲಿ ಬರೀತಿದ್ರು. ಕಂಪ್ಯೂಟರು ಬಂದ ಮೇಲೆ ಹೆಸರಿನ ಬಾಲಕ್ಕೇ ಹಾಕೋಕೆ ಶುರು ಮಾಡಿದ್ರು. ಅದು ಇಲ್ಲದ ಕಾಗದಾನ ಯಂತ್ರದವರು ಮುಟ್ತಾನೇ ಇರಲಿಲ್ಲ."

ಪುಟ್ಟಿಯ ಬೆರಳು ಅಲ್ಲೇ ನಿಂತಿತು. "ಅತ್ತೆ, ಬಾಲಕ್ಕೆ ಅಂದ್ರಾ? ಚುಕ್ಕಿ ಆದ ಮೇಲೆ?"

"ಹೌದು. ಅಲ್ಲಿ ಏನೋ ಮೂರು ನಾಲ್ಕು ಅಕ್ಷರ ಇರ್ತಿತ್ತಂತೆ. ಅದನ್ನ ಅಳಿಸಿ ಇದನ್ನ ಹಾಕೋರು."

"ಅಯ್ಯೋ! ಆ ಅಕ್ಷರ ನೋಡೇ ಅಲ್ವಾ ಕಂಪ್ಯೂಟರಿಗೆ ಇದು ಬರವಣಿಗೆ, ಇದು ಚಿತ್ರ, ಇದು ಹಾಡು ಅಂತ ಗೊತ್ತಾಗೋದು! ಅದನ್ನ ಅಳಿಸಿದ್ರೆ ಇದಕ್ಕೆ ತಲೆಬುಡ ತಿಳಿಯಲ್ಲ."

"ಹಾಗಾದ್ರೆ ಶೆಡ್ಡಿನಲ್ಲಿ ಹೇಗೆ ತೆರೀತಿತ್ತು?"

"ಅಲ್ಲಿನ ಕಂಪ್ಯೂಟರುಗಳಿಗೆ ಯಾರೋ ಒಂದು ಸಲ ಹೇಳಿಕೊಟ್ಟಿರ್ತಾರೆ, 'ಅಚ್ಚಿಗೆ' ಅಂತ ಕಂಡ್ರೆ ಇದರಲ್ಲೇ ತೆಗಿ ಅಂತ. ಅಪ್ಪನ ಕಂಪ್ಯೂಟರೂ ಅಲ್ಲಿಂದ್ಲೇ ಬಂದದ್ದು. ಅವರಿಗೆ ಮನೇಲಿ ಚೆನ್ನಾಗಿ ತೆರೀತಿತ್ತು. ಬೇರೆಯವರ ಹತ್ರ ತೆರೆಯಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?"

ಹಾಗೆ ಹೇಳುತ್ತಲೇ ಪುಟ್ಟಿ 'ಅಚ್ಚಿಗೆ' ಎಂಬುದನ್ನು ಅಳಿಸಿ ಇರಬೇಕಾದ ಅಕ್ಷರಗಳನ್ನು ಹಾಕಿದಳು. ಹೆಸರಿನ ಬಾಲ ಬದಲಾಯಿಸಿದರೆ ಫೈಲು ಹಾಳಾಗಬಹುದೆಂದು ಯಂತ್ರ ಹೆದರಿಸಿತು. "ಹಾಳಾಗೋಕೆ ಇನ್ನೇನು ಉಳಿದಿದೆ, ಒತ್ತು" ಎಂದಳು ದೊಡ್ಡಕ್ಕ. ಪುಟ್ಟಿ ಒತ್ತಿದಳು.

ತೆರೆಯಿತು.

ಬೆಳ್ಳಗಿನ ಹಾಳೆಯ ಮೇಲೆ ಕಪ್ಪು ಅಕ್ಷರ, ಸಾಲು ಸಾಲಾಗಿ, ಅಂಚು ಕಟ್ಟಿ ನಿಂತಿತ್ತು. ಪುಟ್ಟಿ ಗಟ್ಟಿಯಾಗಿ ಓದತೊಡಗಿದಳು. "ಪುಸ್ತಕವನ್ನು ಎಲ್ಲರಿಗಿಂತ ಮೊದಲು ಓದುವವರು ಶೆಡ್ಡಿನವರು. ಬರೆದವರಿಗೆ ಹೊಗಳಿಕೆ ಬರುವ ಮುಂಚೆ ನಮಗೆ ಕಣ್ಣುರಿ ಬರುತ್ತಿತ್ತು. ನಮ್ಮಲ್ಲಿ ರಟ್ಟು ಕಟ್ಟುವ ಮಹಾತಾಯಿಯೊಬ್ಬಳಿದ್ದಳು. ಮಸಿ ಒಣಗುವ ಮೊದಲೇ ಹಾಳೆ ಕಳಿಸಿದರೆ ಯಂತ್ರದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈಯುತ್ತಿದ್ದಳು. ಅವಳು ಬೈದ ದಿನ ಹೊಲಿದ ಪುಸ್ತಕಗಳು ಹೆಚ್ಚು ಗಟ್ಟಿಯಾಗಿರುತ್ತಿದ್ದವೆಂದು ನಮ್ಮೆಲ್ಲರ ಅಭಿಪ್ರಾಯ. ಅವಳು ನನ್ನ ಅಕ್ಕ ಎಂದು ಹೇಳಿಕೊಳ್ಳಲು ಆಗ ಭಯ, ಈಗ ಹೆಮ್ಮೆ."

ದೊಡ್ಡಕ್ಕ ನಕ್ಕಳು. ನಗು ಅರ್ಧದಲ್ಲೇ ಅಳುವಾಯಿತು. ಆದರೆ ಅವಳು ಬಹಳ ಹೊತ್ತು ಅಳಲಿಲ್ಲ. ಕಣ್ಣೊರೆಸಿಕೊಳ್ಳುತ್ತಿದ್ದವಳು ತಟ್ಟನೆ ತಲೆಯೆತ್ತಿದಳು.

"ಪುಟ್ಟಿ, ಎದ್ದೇಳು. ಸಂಘಕ್ಕೆ ಹೋಗೋಣ."

"ಇಲ್ಲಿಂದಲೇ ಕಳಿಸ್ತೀನಿ ಅತ್ತೆ. ಈಗ ತೆರೆಯುತ್ತೆ."

"ಇವನೊಬ್ಬನೇ ಅಲ್ಲ ಕಣೇ. ಶೆಡ್ಡಿನಲ್ಲಿ ಎಲ್ಲರೂ ಅಚ್ಚಿಗೆ ಅಂತಲೇ ಹಾಕ್ತಿದ್ದದ್ದು."

ಸಂಘದ ಕೋಣೆ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ. ಗೋಡೆಯ ಮೇಲೆ ಹಿಂದಿನ ಅಧ್ಯಕ್ಷರ ಪಟಗಳು, ಮೂಲೆಯಲ್ಲಿ ಮಡಚಿಟ್ಟ ಕುರ್ಚಿಗಳು, ಮೇಜಿನ ಮೇಲೆ ಕಂಪ್ಯೂಟರು, ಅದರ ಹಿಂದೆ ಕಾರ್ಯದರ್ಶಿ. ಇವರನ್ನು ನೋಡಿ ಎದ್ದು ನಿಂತು ಕೈ ಮುಗಿದರು.

"ಬನ್ನಿ ದೊಡ್ಡಕ್ಕ. ಇಷ್ಟು ಮೆಟ್ಟಿಲು ಹತ್ತಿಕೊಂಡು ಯಾಕೆ ಬಂದ್ರಿ?"

"ಬಂದಾಯ್ತಲ್ಲ. ತೆರೀಲಿಲ್ಲ ಅಂತ ಹೇಳಿದ ಫೈಲು ಎಲ್ಲಾ ತೋರಿಸಿ."

"ನಿಮ್ಮ ತಮ್ಮಂದಾ?"

"ಎಲ್ಲಾ ಅಂದೆ."

ಕಾರ್ಯದರ್ಶಿ ಏನೋ ಹೇಳಹೊರಟು, ಅವಳ ಮುಖ ನೋಡಿ, ಕಂಪ್ಯೂಟರು ಇವರ ಕಡೆಗೆ ತಿರುಗಿಸಿದರು. ಪುಟ್ಟಿ ಬಗ್ಗಿ ನೋಡಿದಳು. ಯಂತ್ರ ನಡೆಸುತ್ತಿದ್ದ ಮಾಮನದು. ಅಚ್ಚಿನ ಅಕ್ಷರದ ಮೊಳೆ ಜೋಡಿಸುತ್ತಿದ್ದ ಇಬ್ಬರು ಹೆಂಗಸರದು. ಮಸಿ ಕಲಸುತ್ತಿದ್ದವರದು. ಇನ್ನೂ ಕೆಳಗೆ, ಇನ್ನೂ ಕೆಳಗೆ. ಪ್ರತಿಯೊಂದರ ಬಾಲದಲ್ಲೂ 'ಅಚ್ಚಿಗೆ'. ಪ್ರತಿಯೊಬ್ಬರಿಗೂ ಹೋದ ಉತ್ತರ ಅದೇ: ಸರಿಪಡಿಸಿ ಮತ್ತೆ ಕಳಿಸಿ.

"ಪುಸ್ತಕದಲ್ಲಿ ಯಾರ್ಯಾರ ಲೇಖನ ಇದೆ?" ಎಂದು ಕೇಳಿದಳು ದೊಡ್ಡಕ್ಕ.

ಕಾರ್ಯದರ್ಶಿ ಮೆಲ್ಲಗೆ, "ಮಾರಾಟದವರದು, ಲೆಕ್ಕದವರದು... ವ್ಯವಸ್ಥಾಪಕರದು" ಎಂದರು.

"ಶೆಡ್ಡಿನವರದು?"

ಕಾರ್ಯದರ್ಶಿ ಇಲ್ಲವೆಂದು ತಲೆಯಾಡಿಸಿದರು.

"ಒಂದೂ ಇಲ್ಲ. ಅಚ್ಚುಕೂಟದ ಪುಸ್ತಕದಲ್ಲಿ ಅಚ್ಚು ಹಾಕಿದೋರು ಒಬ್ಬರೂ ಇಲ್ಲ! ಇಷ್ಟು ಜನರದ್ದು ತೆರೀತಿಲ್ಲ, ಇಷ್ಟೂ ಜನ ಶೆಡ್ಡಿನವರೇ. ಇದು ಯಾಕೆ ಹೀಗೆ ಅಂತ ನಿಮಗೆ ಒಂದು ಸಲವಾದ್ರೂ ಅನ್ನಿಸಲಿಲ್ವಾ?"

"ನನಗೇನು ಗೊತ್ತು ದೊಡ್ಡಕ್ಕ? ಅವರಿಗೆ ಕಂಪ್ಯೂಟರು ಬರೋದಿಲ್ಲ ಅಂದ್ಕೊಂಡೆ."

ದೊಡ್ಡಕ್ಕ ಮೇಜಿನ ಮೇಲೆ ಎರಡೂ ಕೈ ಊರಿದಳು. ಸೂಜಿ ಹಿಡಿದು ಹಿಡಿದು ಗಟ್ಟಿಯಾದ ಬೆರಳುಗಳು.

"ಅಂದ್ಕೊಂಡ್ರಿ! ಅಂದ್ಕೊಂಡು ಕೈ ತೊಳ್ಕೊಂಡ್ರಿ. ನಿಮ್ಮ ಗಿರಾಕಿಗಳಿಗೆ ಪುಸ್ತಕ ತಗೊಂಡು ಹೋಗಿ ತೋರಿಸ್ತಿದ್ರಲ್ಲ, ಅದರಲ್ಲಿ ತಪ್ಪಿಲ್ಲ ಅಂತ ಎದೆ ತಟ್ಕೊಳ್ತಿದ್ರಲ್ಲ, ಆ ತಪ್ಪುಗಳನ್ನ ಹೆಕ್ಕಿ ತೆಗೆದೋನು ಅವನು. ಅವನು ತಪ್ಪು ನನ್ನದೇ ಅಂತ ಅಂದ್ಕೊಂಡು ಸತ್ತ. ತಿಳೀತಾ? ಕೈಗೆ ಸೂಜಿ ಚುಚ್ಚಿಸ್ಕೊಂಡು, ಆಸ್ಪತ್ರೇಲಿದ್ದೀನಿ ಮನ್ನಿಸಿ ಅಂತ ನಿಮಗೆ ಬರೆದು, ಎಲ್ಲಿ ತಪ್ಪಿದೆ ಅಂತ ಹುಡುಕ್ತಾ ಹುಡುಕ್ತಾ ಸತ್ತ. ಒಂದೇ ಒಂದು ಫೋನು ಮಾಡಿ, 'ಅಲ್ಪವಿರಾಮದವ್ರೇ, ಏನಿದು ಬಾಲದಲ್ಲಿ?' ಅಂತ ಕೇಳಿದ್ರೆ ಅವನೇ ಹೇಳ್ತಿದ್ದ!"

ಕಾರ್ಯದರ್ಶಿಯ ಮುಖದಿಂದ ಆ ಮಾರಾಟದ ನಯ ಜಾರಿಹೋಗಿತ್ತು. "ಆಸ್ಪತ್ರೆ ಅಂತ ಬರೆದಿದ್ರಾ?" ಎಂದು ಕೇಳಿದರು. ಪುಟ್ಟಿ ಫೋನು ತೋರಿಸಿದಳು. ಅವರು ಓದಿದರು. "ನಾನು ಇದನ್ನ ಓದಲೇ ಇಲ್ಲ" ಎಂದರು. "ಫೈಲು ಒತ್ತೋದು, ತೆರೀಲಿಲ್ಲ ಅಂದ್ರೆ ಬರೆದಿಟ್ಟ ಉತ್ತರ ಕಳಿಸೋದು. ಮೇಲೆ ಬರೆದದ್ದನ್ನ ಓದಲಿಲ್ಲ."

ಪುಟ್ಟಿ ಕುರ್ಚಿ ಎಳೆದುಕೊಂಡು ಕೂತಳು. ಒಂದೊಂದೇ ಫೈಲಿನ ಬಾಲ ಕತ್ತರಿಸಿ ಇರಬೇಕಾದ ಅಕ್ಷರ ಹಾಕುತ್ತಾ ಹೋದಳು. ಒಂದೊಂದೇ ತೆರೆಯುತ್ತಾ ಹೋಯಿತು. ಯಂತ್ರದ ಮಾಮ ಎರಡೇ ಪುಟ ಬರೆದಿದ್ದರು, ಅದರಲ್ಲಿ ಒಂದು ಪುಟ ತಮ್ಮ ಕಿವುಡಿನ ಬಗ್ಗೆ. ಮೊಳೆ ಜೋಡಿಸುತ್ತಿದ್ದ ಹೆಂಗಸರು ಇಬ್ಬರೂ ಒಬ್ಬರನ್ನೊಬ್ಬರು ಹೊಗಳಿ, ಒಬ್ಬರ ಗುಟ್ಟನ್ನು ಇನ್ನೊಬ್ಬರು ಬಯಲು ಮಾಡಿದ್ದರು.

"ಪುಟ ಸಾಲೋದಿಲ್ಲ ದೊಡ್ಡಕ್ಕ. ಎಲ್ಲಾ ಹೊಂದಿಸಿ ಆಗಿದೆ" ಎಂದರು ಕಾರ್ಯದರ್ಶಿ. ದನಿಯಲ್ಲಿ ವಾದವಿರಲಿಲ್ಲ, ಕೇಳುವ ದನಿ.

"ಫೋಟೋ ತೆಗೀರಿ. ಅದಕ್ಕೂ ಸಾಲದಿದ್ರೆ ಪುಸ್ತಕ ದಪ್ಪ ಆಗಲಿ. ದಪ್ಪ ಆಯ್ತು ಅಂತ ಯಾವ ಪುಸ್ತಕವೂ ಅಳೋದಿಲ್ಲ."

"ಅಧ್ಯಕ್ಷರಿಗೆ ಏನು ಹೇಳಲಿ?"

"ಫೋಟೋ ತೆರೀಲಿಲ್ಲ ಅಂತ ಹೇಳಿ."

ಪುಟ್ಟಿ ಬಾಯಿಗೆ ಕೈ ಅಡ್ಡ ಹಿಡಿದಳು. ಕಾರ್ಯದರ್ಶಿ ನಗಲು ಧೈರ್ಯವಾಗದೆ ತಲೆ ತಗ್ಗಿಸಿದರು. ಆಮೇಲೆ ಅಚ್ಚು ಹಾಕುವವರಿಗೆ ಫೋನು ಮಾಡಿ, ಪುಸ್ತಕ ಮುಂದಿನ ವಾರ ಕೊಡುತ್ತೇನೆ, ಪುಟ ಹೆಚ್ಚಾಗುತ್ತದೆ ಎಂದು ತಿಳಿಸಿದರು. ಅದು ಮುಗಿದ ಮೇಲೂ ದೊಡ್ಡಕ್ಕ ಕದಲಲಿಲ್ಲ.

"ಈಗ ಇವರಿಗೆಲ್ಲ ಫೋನು ಮಾಡಿ."

"ಇಮೇಲು ಕಳಿಸ್ತೀನಿ."

"ಇಮೇಲು ಕಳಿಸಿದ್ದು ಸಾಕು. ಬಾಯಲ್ಲಿ ಹೇಳಿ."

ಅವರು ಹೇಳಿದರು. ಯಂತ್ರದ ಮಾಮನಿಗೆ ಕೇಳಿಸಲೆಂದು ಕೂಗಿ ಹೇಳಿದರು: "ನಿಮ್ಮ ಲೇಖನ ತೆರೀತು. ತಪ್ಪು ನಿಮ್ಮದಲ್ಲ, ನನ್ನದು!" ಆ ಕಡೆಯಿಂದ ಮಾಮನ ದನಿ ಕೋಣೆಗೆಲ್ಲ ಕೇಳಿಸಿತು: "ಏನಂದ್ರಿ? ಇನ್ನೊಂದು ಸಲ ಹೇಳಿ!" ಅವರು ಇನ್ನೊಂದು ಸಲ ಹೇಳಿದರು. ಹಾಗೆ ಒಬ್ಬೊಬ್ಬರಿಗೂ. ಮೊಳೆ ಜೋಡಿಸುತ್ತಿದ್ದ ಹೆಂಗಸರಲ್ಲಿ ಒಬ್ಬರು ಫೋನಿನಲ್ಲೇ ಅತ್ತರು. ತನಗೆ ಬರೆಯಲು ಬಾರದೆಂದು ಸಂಘದವರು ನಯವಾಗಿ ಹೇಳುತ್ತಿದ್ದಾರೆಂದು ತಿಳಿದು ಅವರು ಬರೆದದ್ದನ್ನೆಲ್ಲ ಅಳಿಸಿಹಾಕಿದ್ದರಂತೆ.

ಎಲ್ಲರಿಗೂ ಹೇಳಿ ಮುಗಿಯಿತು. ಕಾರ್ಯದರ್ಶಿ ಫೋನು ಕೆಳಗಿಟ್ಟರು.

"ಇನ್ನೊಬ್ಬ ಇದ್ದಾನೆ" ಎಂದಳು ದೊಡ್ಡಕ್ಕ. "ಅವನಿಗೆ ಯಾರು ಹೇಳ್ತೀರಿ?"

ಕಾರ್ಯದರ್ಶಿಯ ಕಣ್ಣಲ್ಲಿ ನೀರು ಬಂತು. ದೊಡ್ಡಕ್ಕನಿಗೆ ಅದನ್ನು ನೋಡಿ ಸಿಟ್ಟು ಇಳಿಯಲಿಲ್ಲ. ಇಳಿಯಬೇಕೆಂದು ಅವಳೇನೂ ಬಯಸಲೂ ಇಲ್ಲ. ಮೆಟ್ಟಿಲಿಳಿದು, ಪುಟ್ಟಿಯ ತೋಳು ಹಿಡಿದು, ಬಿಸಿಲಿನಲ್ಲೇ ಮನೆಗೆ ನಡೆದಳು. ಕೈಕಾಲು ತೊಳೆದು ದೇವರ ಮುಂದೆ ಕೂತಳು. ಬೆಳಿಗ್ಗೆ ಹಚ್ಚಿದ ದೀಪ ಆರಿಹೋಗಿತ್ತು. ಮತ್ತೆ ಹಚ್ಚಲಿಲ್ಲ. ಕೈ ಜೋಡಿಸಿ, ಪಕ್ಕದ ಕೋಣೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

"ಅಪ್ಪಾ ದೇವರೇ, ಈ ಸಿಟ್ಟು ನನಗಿರಲಿ, ಇದನ್ನ ತೆಗೀಬೇಡ. ಅವನ ಎದೆಯಲ್ಲಿದ್ದ ಅಳುಕನ್ನು ಮಾತ್ರ ತೆಗೆದುಬಿಡು. ನಾವು ಯಾರೂ ಹೋಗಿ ಹೇಳೋಕಾಗದ ಜಾಗದಲ್ಲಿ ಅವನಿದ್ದಾನೆ. ಅವನು ಏನೂ ತಪ್ಪು ಮಾಡಿಲ್ಲ ಅಂತ ನೀನೇ ಅವನಿಗೆ ಹೇಳು. ಹೇಳಿ, ಇನ್ನು ಹುಡುಕಬೇಡ, ಮಲಗು ಅನ್ನು. ನನ್ನ ತಮ್ಮನಿಗೆ ಶಾಂತಿ ಕೊಡು."